ಗಣಿತಗುರು ಶ್ರೀ ಭಾಸ್ಕರಾಚಾರ್ಯರು

ಕೆಲವು ವಿದ್ಯೆಗಳು ಪಂಡಿತರ ಮನೆಯಲ್ಲಿ ಹುಟ್ಟಿ ಪಂಡಿತರ ಮನೆಯಲ್ಲಿಯೇ ಮುಗಿಯುತ್ತವೆ. ಮತ್ತೆ ಕೆಲವು ಅಂಗಡಿ, ಕಣ, ದೇಗುಲ, ಅಡಿಗೆಮನೆಗಳ ಹೊಸ್ತಿಲವರೆಗೂ ನಡೆದುಹೋಗಿ ಲೋಕದ ಬಾಳಿಗೆ ಊರುಗೋಲಾಗುತ್ತವೆ. ಕೂಡುವುದು, ಕಳೆಯುವುದು ಎಂಬ ಎರಡು ಕ್ರಿಯೆಗಳು ಈ ಎರಡನೆಯ ಬಗೆಯವು. ಅಕ್ಷರ ಬಾರದವನಿಗೂ ಇವು ಬೇಕು. ಅರಸನಿಗೂ ಇವು ಬೇಕು. ಆದರೂ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಎಷ್ಟೋ ಮಂದಿ ಹಲಗೆಯ ಮೇಲೆ ಬರೆದುಕೊಟ್ಟ ಅಂಕಿಗಳನ್ನು ತಪ್ಪದೆ ಕೂಡಿ, ಅದೇ ಲೆಕ್ಕವನ್ನು ಮಾತಿನಲ್ಲಿ ಹೇಳಿದೊಡನೆ ದಿಕ್ಕುತೋಚದೆ ನಿಲ್ಲುತ್ತಾರೆ. ಹೀಗೆ ನಿಂತ ಮಗುವಿನ ಪಕ್ಕದಲ್ಲಿ ಕುಳಿತು, ಮುದ್ದಿನ ಮಾತಿನಿಂದ ಕರೆದು, ಲೆಕ್ಕವನ್ನು ಕಥೆಯಾಗಿ ಕಟ್ಟಿಕೊಟ್ಟ ಮಹಾಗುರುಗಳಲ್ಲಿ ಅಗ್ರಗಣ್ಯರು ಹನ್ನೆರಡನೆಯ ಶತಮಾನದ ಶ್ರೀ ಭಾಸ್ಕರಾಚಾರ್ಯರು.

ಜನನ ಮತ್ತು ವಂಶ

ಪ್ರಾಚೀನ ಶಾಸ್ತ್ರಕಾರರಲ್ಲಿ ಬಹುಮಂದಿ ತಮ್ಮ ಕಾಲದೇಶಗಳ ವಿಷಯದಲ್ಲಿ ಮೌನಿಗಳು. ಭಾಸ್ಕರಾಚಾರ್ಯರು ಹಾಗಲ್ಲ. ತಾವು ಹುಟ್ಟಿದ್ದು ಶಾಲಿವಾಹನ ಶಕ ೧೦೩೬ರಲ್ಲಿ, ಎಂದರೆ ಕ್ರಿ.ಶ. ೧೧೧೪ರಲ್ಲಿ ಎಂದೂ, ಮೂವತ್ತಾರನೆಯ ವಯಸ್ಸಿನಲ್ಲಿ 'ಸಿದ್ಧಾಂತ ಶಿರೋಮಣಿ'ಯನ್ನು ರಚಿಸಿದುದಾಗಿಯೂ ತಮ್ಮ ಗ್ರಂಥದಲ್ಲಿಯೇ ತಿಳಿಸಿದ್ದಾರೆ. ಲೆಕ್ಕಿಗನು ತನ್ನ ಆಯುಷ್ಯದ ಲೆಕ್ಕವನ್ನೂ ಸರಿಯಾಗಿ ಬರೆದಿಟ್ಟನೆಂಬುದು ಉಚಿತವೇ ಆಗಿದೆ. ಆ ಮಹಾಗ್ರಂಥದ ಕಾಲ ಹೀಗೆ ಕ್ರಿ.ಶ. ೧೧೫೦ ಎಂದು ಸಿದ್ಧವಾಗುತ್ತದೆ.

ಅವರದು ಶಾಂಡಿಲ್ಯ ಗೋತ್ರ. ತಂದೆ ಮಹೇಶ್ವರರು ಜ್ಯೋತಿಶ್ಶಾಸ್ತ್ರದಲ್ಲಿ ನಿಷ್ಣಾತರು. ಭಾಸ್ಕರರಿಗೆ ತಂದೆಯೇ ಗುರು. ಮನೆಯ ಜಗಲಿಯೇ ಪಾಠಶಾಲೆಯಾದ ಆ ಭಾಗ್ಯವನ್ನು ಅವರು ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ವಂಶದ ಹಿರಿಯರಲ್ಲೊಬ್ಬರಾದ ಭಾಸ್ಕರಭಟ್ಟರು ಭೋಜರಾಜನಿಂದ ವಿದ್ಯಾಪತಿ ಎಂಬ ಬಿರುದನ್ನು ಪಡೆದವರೆಂದು ಶಾಸನವು ಹೇಳುತ್ತದೆ. ತಲೆತಲಾಂತರದಿಂದ ವಿದ್ಯೆಯೇ ಆಸ್ತಿಯಾಗಿದ್ದ ಮನೆತನವದು.

ತಮ್ಮ ಊರು ಸಹ್ಯಾದ್ರಿಯ ತಪ್ಪಲಿನಲ್ಲಿರುವ ವಿಜ್ಜಡವಿಡ ಎಂದು ಆಚಾರ್ಯರು ಹೇಳಿಕೊಂಡಿದ್ದಾರೆ. ಹೆಸರಿನ ಸಾಮ್ಯವನ್ನು ಹಿಡಿದು ಇದೇ ಇಂದಿನ ವಿಜಯಪುರವೆಂದು ಕನ್ನಡಿಗರು ಬಹುಕಾಲದಿಂದ ಅಭಿಮಾನಪಟ್ಟಿದ್ದಾರೆ; ಅನೇಕ ಪಾಠಪುಸ್ತಕಗಳಲ್ಲಿಯೂ ಹಾಗೆಯೇ ಬಂದಿದೆ. ಆದರೆ ವಿಜಯಪುರವು ಬಯಲುಸೀಮೆಯ ನಗರ. ಸಹ್ಯಾದ್ರಿಯ ತಪ್ಪಲಿಗೆ ದೂರ. ಅವರ ಮೊಮ್ಮಗನ ಶಾಸನವು ದೊರೆತಿರುವುದು ಮಹಾರಾಷ್ಟ್ರದ ಚಾಳೀಸಗಾಂವದ ಬಳಿಯ ಪಾಟಣದಲ್ಲಿ, ಬೆಟ್ಟದ ಬುಡದಲ್ಲಿ. ಆದಕಾರಣ ಆ ಪ್ರಾಂತವೇ ಆಚಾರ್ಯರ ನೆಲೆಯೆಂದು ಹಲವು ವಿದ್ವಾಂಸರ ಅಭಿಪ್ರಾಯ. ಸತ್ಯವನ್ನು ಅಳೆದು ತೂಗುವುದನ್ನೇ ಕಲಿಸಿದ ಗುರುವಿನ ವಿಷಯದಲ್ಲಿ ಅಭಿಮಾನಕ್ಕಿಂತ ಪ್ರಮಾಣಕ್ಕೆ ಮನ್ನಣೆ ಕೊಡುವುದು ಶಿಷ್ಯರ ಧರ್ಮ. ಊರು ಯಾವುದಾದರೂ ಆಚಾರ್ಯರು ದಕ್ಷಿಣಾಪಥದವರೆಂಬುದರಲ್ಲಿ ಸಂದೇಹವಿಲ್ಲ.

ಅದು ದಕ್ಷಿಣದ ಬಾಳಿನಲ್ಲಿ ಬಹು ದೊಡ್ಡ ಮಂಥನ ನಡೆದ ಶತಮಾನ. ಕಲ್ಯಾಣದಲ್ಲಿ ಬಸವಣ್ಣನವರು ಕಾಯಕವನ್ನು ಕೈಲಾಸದ ಎತ್ತರಕ್ಕೇರಿಸಿದ್ದು ಆ ಕಾಲದಲ್ಲಿಯೇ. ಬಿಜ್ಜಳನ ಭಂಡಾರದ ಲೆಕ್ಕವನ್ನು ನೋಡಿಕೊಳ್ಳುವ ಕರಣಿಕ ಕಾಯಕದಿಂದ ಅವರು ಮೇಲೆ ಬಂದರೆಂದು ಪರಂಪರೆ ಹೇಳುತ್ತದೆ. ಕನ್ನಡದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಬರೆದುದೂ ಹನ್ನೆರಡನೆಯ ಶತಮಾನದಲ್ಲಿಯೇ. ಅದಕ್ಕೂ ಮೂರು ಶತಮಾನ ಮೊದಲು, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ರಚಿಸಿದ್ದರು. ಹೀಗೆ ಲೆಕ್ಕವನ್ನು ಪದ್ಯದಲ್ಲಿ ಕಟ್ಟಿ ಹೇಳುವ ಸಂಪ್ರದಾಯವು ಈ ನೆಲಕ್ಕೆ ಹೊಸತಾಗಿರಲಿಲ್ಲ. ಅದಕ್ಕೆ ಕಳಶವಿಟ್ಟವರು ಭಾಸ್ಕರರು.

ಎತ್ತರದ ವಿದ್ವತ್ತು

'ಸಿದ್ಧಾಂತ ಶಿರೋಮಣಿ'ಗೆ ನಾಲ್ಕು ಭಾಗಗಳು: ಲೀಲಾವತಿ, ಬೀಜಗಣಿತ, ಗ್ರಹಗಣಿತ ಮತ್ತು ಗೋಲಾಧ್ಯಾಯ. ಮೊದಲಿನದು ಅಂಕಗಣಿತ, ಎರಡನೆಯದು ಅವ್ಯಕ್ತರಾಶಿಗಳ ಗಣಿತ, ಉಳಿದೆರಡು ಖಗೋಲಶಾಸ್ತ್ರ. ಬ್ರಹ್ಮಗುಪ್ತ, ಶ್ರೀಧರ, ಪದ್ಮನಾಭ ಮುಂತಾದ ಪೂರ್ವಾಚಾರ್ಯರ ಬೀಜಗಣಿತಗಳು ಅತಿ ವಿಸ್ತಾರವಾಗಿದ್ದುದರಿಂದ ಅವುಗಳ ಸಾರವನ್ನು ಶಿಷ್ಯರ ತೃಪ್ತಿಗಾಗಿ ಸಂಗ್ರಹಿಸಿದುದಾಗಿ ಅವರು ವಿನಯದಿಂದ ತಿಳಿಸಿದ್ದಾರೆ. ಸಿದ್ಧಾಂತಕ್ಕೆ ತಾವೇ 'ವಾಸನಾಭಾಷ್ಯ'ವೆಂಬ ವ್ಯಾಖ್ಯಾನವನ್ನೂ ಬರೆದರು. ಸೂತ್ರವನ್ನು ಬಾಯಿಪಾಠ ಮಾಡಿಸಿದರೆ ಸಾಲದು, ಅದರ ಉಪಪತ್ತಿಯನ್ನೂ ತಿಳಿಸಬೇಕೆಂಬುದು ಅವರ ನಿಲುವು. ಮುಪ್ಪಿನಲ್ಲಿಯೂ ಅವರ ಲೇಖನಿ ನಿಲ್ಲಲಿಲ್ಲ. ಶಕ ೧೧೦೫ರಲ್ಲಿ, ಎಂದರೆ ಕ್ರಿ.ಶ. ೧೧೮೩ರಲ್ಲಿ, ಎಪ್ಪತ್ತರ ಸಮೀಪದ ವಯಸ್ಸಿನಲ್ಲಿ, ಪಂಚಾಂಗದ ಗಣನೆಗೆ ನೆರವಾಗುವ 'ಕರಣಕುತೂಹಲ'ವನ್ನು ರಚಿಸಿದರು.

ಅವರ ಪ್ರತಿಭೆಯ ಎತ್ತರವನ್ನು ತಿಳಿಯಲು ಒಂದೇ ನಿದರ್ಶನ ಸಾಕು. ಒಂದು ಸಂಖ್ಯೆಯ ವರ್ಗವನ್ನು ೬೧ರಿಂದ ಗುಣಿಸಿ ೧ ಕೂಡಿದರೆ ಬರುವುದು ಪೂರ್ಣವರ್ಗವಾಗಬೇಕು. ಆ ಸಂಖ್ಯೆ ಯಾವುದು? ಚಕ್ರವಾಲವೆಂಬ ವಿಧಾನದಿಂದ ಅವರು ೨೨೬೧೫೩೯೮೦ ಎಂಬ ಉತ್ತರವನ್ನು ಕೆಲವೇ ಹಂತಗಳಲ್ಲಿ ಸಾಧಿಸಿದರು. ಆಗ ಬರುವ ವರ್ಗಮೂಲ ೧೭೬೬೩೧೯೦೪೯. ಐದು ಶತಮಾನಗಳ ಬಳಿಕ, ೧೬೫೭ರಲ್ಲಿ, ಫ್ರಾನ್ಸಿನ ಫರ್ಮಾ ಎಂಬ ಗಣಿತಜ್ಞನು ಇದೇ ಪ್ರಶ್ನೆಯನ್ನು ಯುರೋಪಿನ ಪಂಡಿತರ ಮುಂದೆ ಸವಾಲಾಗಿ ಇಟ್ಟನು. ಇಷ್ಟು ಎತ್ತರದಲ್ಲಿ ನಿಂತವರು ಕೂಡುವ ಕಳೆಯುವ ಲೆಕ್ಕವನ್ನು ಕಲಿಸುವುದಕ್ಕಾಗಿ ಮಗುವಿನ ಮಟ್ಟಕ್ಕೆ ಬಾಗಿದರು. ಅವರ ಬಾಳಿನಲ್ಲಿ ಶಿಕ್ಷಕರು ವಿಶೇಷವಾಗಿ ಮನನ ಮಾಡಬೇಕಾದ ಅಂಶವಿದು.

ಲೀಲಾವತಿಯ ಮೊದಲ ಲೆಕ್ಕ

ಲೀಲಾವತಿಯು ವಿಘ್ನೇಶ್ವರನ ವಂದನೆಯಿಂದ ಆರಂಭವಾಗುತ್ತದೆ. ಒಡನೆಯೇ ಬರುವುದು ಸಂತೆಯ ಮಾತು. ೨೦ ಕವಡೆಗೆ ಒಂದು ಕಾಕಿಣಿ, ೪ ಕಾಕಿಣಿಗೆ ಒಂದು ಪಣ, ೧೬ ಪಣಕ್ಕೆ ಒಂದು ದ್ರಮ್ಮ, ೧೬ ದ್ರಮ್ಮಕ್ಕೆ ಒಂದು ನಿಷ್ಕ. ಬಳಿಕ ತೂಕ, ಅಳತೆ, ಕೊಳಗಗಳ ವಿವರ. ಎಂಟು ಯವಕ್ಕೆ ಒಂದು ಅಂಗುಲ, ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಹಸ್ತ. ಮಗುವು ದಿನವೂ ಕಾಣುವ ಕವಡೆ, ಜವೆಯ ಕಾಳು, ತನ್ನದೇ ಬೆರಳು, ತನ್ನದೇ ಮೊಳ, ಇವುಗಳಿಂದ ಶಾಸ್ತ್ರವನ್ನು ತೊಡಗಿಸಿದ್ದು ಆಚಾರ್ಯರ ಜಾಣ್ಮೆ. ತದನಂತರ ಏಕ, ದಶ, ಶತ, ಸಹಸ್ರವೆಂದು ಮೊದಲಾಗಿ ಪರಾರ್ಧದವರೆಗೆ ಸ್ಥಾನಗಳ ಹೆಸರು. ಸ್ಥಾನದ ಬೆಲೆ ತಿಳಿಯದವನಿಗೆ ಸಂಕಲನ ವ್ಯವಕಲನಗಳ ಬಾಗಿಲು ತೆರೆಯದು.

ಆಮೇಲೆ ಬರುವುದೇ ಸಂಕಲನ, ವ್ಯವಕಲನ. ಅಂಕಿಗಳನ್ನು ಅವವುಗಳ ಸ್ಥಾನಕ್ಕೆ ಹೊಂದಿಸಿ, ಬಲದಿಂದಾಗಲಿ ಎಡದಿಂದಾಗಲಿ, ಕೂಡಬೇಕು ಅಥವಾ ಕಳೆಯಬೇಕೆಂದು ನಿಯಮ. ಧೂಳು ಹರಡಿದ ಹಲಗೆಯ ಮೇಲೆ ಅಳಿಸಿ ಬರೆಯುತ್ತ ಲೆಕ್ಕ ಮಾಡುತ್ತಿದ್ದ ಆ ಕಾಲಕ್ಕೆ ಎರಡೂ ದಾರಿಗಳು ಸುಗಮವಾಗಿದ್ದವು. ನಿಯಮದ ಬೆನ್ನಿಗೇ ಉದಾಹರಣೆ. ಬುದ್ಧಿವಂತೆಯಾದ ಬಾಲೆ ಲೀಲಾವತಿಯನ್ನು ಅಕ್ಕರೆಯಿಂದ ಕರೆದು, ೨, ೫, ೩೨, ೧೯೩, ೧೮, ೧೦ ಮತ್ತು ೧೦೦ ಇವುಗಳನ್ನು ಕೂಡಿದರೆ ಎಷ್ಟು, ಆ ಮೊತ್ತವನ್ನು ೧೦೦೦೦ದಿಂದ ಕಳೆದರೆ ಉಳಿಯುವುದೆಷ್ಟು ಎಂದು ಆಚಾರ್ಯರು ಕೇಳುತ್ತಾರೆ.

ಮೇಲುನೋಟಕ್ಕೆ ಇದು ಅತಿ ಸುಲಭ. ಆದರೆ ತರಗತಿಯಲ್ಲಿ ನಿಂತು ಪಾಠ ಹೇಳಿದವರಿಗೆ ಇದರ ಹಿಂದಿನ ಆಲೋಚನೆ ಹೊಳೆಯುತ್ತದೆ. ಕೊಟ್ಟ ಏಳು ಸಂಖ್ಯೆಗಳಲ್ಲಿ ಎರಡು ಒಂದಂಕಿಯವು, ಮೂರು ಎರಡಂಕಿಯವು, ಎರಡು ಮೂರಂಕಿಯವು. ಕಿವಿಯಿಂದ ಕೇಳಿದ ಈ ಸಂಖ್ಯೆಗಳನ್ನು ಬಿಡಿ, ಹತ್ತು, ನೂರುಗಳ ಮನೆಗಳಲ್ಲಿ ಮಗುವೇ ಸರಿಯಾಗಿ ಕೂರಿಸಬೇಕು. ಹಳೆಯ ವ್ಯಾಖ್ಯಾನಕಾರರು ತೋರಿಸಿದ ಕ್ರಮದಲ್ಲಿ ಬಿಡಿಗಳ ಮೊತ್ತ ೨೦, ಹತ್ತುಗಳ ಮೊತ್ತ ೧೪, ನೂರುಗಳ ಮೊತ್ತ ೨. ಇಪ್ಪತ್ತು ಬಿಡಿಗಳೆಂದರೆ ೨೦, ಹದಿನಾಲ್ಕು ಹತ್ತುಗಳೆಂದರೆ ೧೪೦, ಎರಡು ನೂರುಗಳೆಂದರೆ ೨೦೦, ಒಟ್ಟು ೩೬೦. ಕಳೆಯುವ ಸರದಿ ಬಂದಾಗ ಸಾಲಾಗಿ ನಾಲ್ಕು ಸೊನ್ನೆಗಳುಳ್ಳ ೧೦೦೦೦ ಎದುರಿಗೆ ನಿಲ್ಲುತ್ತದೆ. ಪಕ್ಕದ ಮನೆಗೆ ಸಾಲ ಕೇಳಲು ಹೋದರೆ ಅಲ್ಲಿಯೂ ಸೊನ್ನೆ, ಅದರಾಚೆಗೂ ಸೊನ್ನೆ. ಮಕ್ಕಳು ಎಡವುವ ಸ್ಥಳವೇ ಇದು. ಆಚಾರ್ಯರು ಆ ಕಷ್ಟವನ್ನು ಮರೆಮಾಚದೆ ಮೊದಲ ಲೆಕ್ಕದಲ್ಲಿಯೇ ಅದನ್ನು ಮಗುವಿನ ಮುಂದಿಟ್ಟು ದಾಟಿಸಿದ್ದಾರೆ. ಉತ್ತರ ೯೬೪೦. ಒಂದೇ ಪ್ರಶ್ನೆಯಲ್ಲಿ ಎರಡು ಕ್ರಿಯೆಗಳು. ಮೊದಲನೆಯದರ ಫಲವು ಎರಡನೆಯದಕ್ಕೆ ಬೀಜ.

ಮಾತಿನ ಮರೆಯಲ್ಲಿರುವ ಲೆಕ್ಕ

ವಾಕ್ಯರೂಪದ ಲೆಕ್ಕಗಳಲ್ಲಿ ಮಗುವಿಗೆ ಆಗುವ ತೊಡಕು ಅಂಕಿಗಳದಲ್ಲ, ಮಾತಿನದು. ಸೇರಿತು ಎಂಬ ಪದ ಬಂದರೆ ಕೂಡು, ಕೊಟ್ಟನು ಎಂಬ ಪದ ಬಂದರೆ ಕಳೆ ಎಂದು ಪದವನ್ನು ಕುರುಹಾಗಿ ಹಿಡಿಸಿಕೊಟ್ಟರೆ ಕೆಲವು ದಿನ ಉತ್ತರ ಸರಿಬರುತ್ತದೆ. ಅರಿವು ಮಾತ್ರ ಬೆಳೆಯುವುದಿಲ್ಲ. ಬುಟ್ಟಿಯಲ್ಲಿದ್ದ ಹೂವುಗಳಲ್ಲಿ ೭ನ್ನು ಪೂಜೆಗೆ ಕೊಟ್ಟ ಮೇಲೆ ೫ ಉಳಿದವು, ಮೊದಲು ಎಷ್ಟಿದ್ದವು ಎಂದು ಕೇಳಿದರೆ, ಕುರುಹನ್ನು ಹಿಡಿದ ಮಗು ೭ರಿಂದ ೫ನ್ನು ಕಳೆದು ೨ ಎನ್ನುತ್ತದೆ. ಬುಟ್ಟಿಯನ್ನು ಮನಸ್ಸಿನಲ್ಲಿ ಕಂಡ ಮಗು ಎರಡನ್ನೂ ಕೂಡಿ ೧೨ ಎನ್ನುತ್ತದೆ.

ಭಾಸ್ಕರಾಚಾರ್ಯರು ತಮ್ಮ ವಿಲೋಮವಿಧಿಯಲ್ಲಿ ಇದೇ ತತ್ತ್ವವನ್ನು ಬೋಧಿಸಿದ್ದಾರೆ. ಕಡೆಯಿಂದ ಮೊದಲಿಗೆ ನಡೆಯಬೇಕು. ಕೂಡಿದ್ದಲ್ಲಿ ಕಳೆಯಬೇಕು, ಕಳೆದಲ್ಲಿ ಕೂಡಬೇಕು. ಸಂಕಲನ ವ್ಯವಕಲನಗಳು ಎರಡು ಬೇರೆ ವಿದ್ಯೆಗಳಲ್ಲ, ಒಂದೇ ದಾರಿಯಲ್ಲಿ ಹೋಗುವುದು ಮತ್ತು ಬರುವುದು ಎಂಬುದನ್ನು ಅವರು ಸಂಕ್ರಮಣವೆಂಬ ಪ್ರಕರಣದಲ್ಲಿ ಇನ್ನೂ ವಿಶದಪಡಿಸಿದರು. ಎರಡು ಸಂಖ್ಯೆಗಳ ಮೊತ್ತ ೧೦೧, ವ್ಯತ್ಯಾಸ ೨೫; ಅವು ಯಾವುವು? ಮೊತ್ತಕ್ಕೆ ವ್ಯತ್ಯಾಸವನ್ನು ಕೂಡಿ ಅರ್ಧಿಸಿದರೆ ೬೩, ಕಳೆದು ಅರ್ಧಿಸಿದರೆ ೩೮. ಕೂಡುವ ಕಳೆಯುವ ಎರಡು ಕೈಗಳೂ ಸೇರಿ ಗಂಟನ್ನು ಬಿಚ್ಚುತ್ತವೆ.

ಅವರ ಲೆಕ್ಕಗಳಲ್ಲಿ ಲೋಕವೆಲ್ಲವೂ ತುಂಬಿದೆ. ಒಬ್ಬ ಭಕ್ತನ ಬಳಿ ನಿರ್ಮಲವಾದ ತಾವರೆಗಳ ರಾಶಿ. ಮೂರನೆಯ ಒಂದು ಪಾಲು ಶಿವನಿಗೆ, ಐದನೆಯ ಒಂದು ಪಾಲು ವಿಷ್ಣುವಿಗೆ, ಆರನೆಯ ಒಂದು ಪಾಲು ಸೂರ್ಯನಿಗೆ, ನಾಲ್ಕನೆಯ ಒಂದು ಪಾಲು ದೇವಿಗೆ ಅರ್ಪಿತವಾದವು. ಉಳಿದ ಆರು ಗುರುಪಾದಕ್ಕೆ ಸಂದವು. ಒಟ್ಟು ತಾವರೆಗಳೆಷ್ಟು? ಉತ್ತರ ೧೨೦; ೪೦, ೨೪, ೨೦ ಮತ್ತು ೩೦ ಸೇರಿ ೧೧೪, ಉಳಿದವು ೬. ದೇವತೆಗಳಿಗೆ ಸಂದ ಪಾಲು ಎಷ್ಟಿದ್ದರೂ ಲೆಕ್ಕದ ಬೀಗದಕೈ ಇರುವುದು ಗುರುವಿಗೆ ಉಳಿದ ಆರು ಹೂವುಗಳಲ್ಲಿ. ಉಳಿದುದನ್ನು ಅರಿತವನಿಗೆ ಇದ್ದುದೂ ತಿಳಿಯುತ್ತದೆ.

ಮತ್ತೊಬ್ಬ ತೀರ್ಥಯಾತ್ರಿ. ತನ್ನ ಹಣದಲ್ಲಿ ಅರ್ಧವನ್ನು ಪ್ರಯಾಗದಲ್ಲಿ ದಾನಮಾಡಿದನು; ಉಳಿದುದರ ಒಂಬತ್ತರಲ್ಲಿ ಎರಡು ಪಾಲನ್ನು ಕಾಶಿಯಲ್ಲಿ ಕೊಟ್ಟನು; ಮಿಕ್ಕುದರ ಕಾಲುಭಾಗ ದಾರಿಯ ಸುಂಕಕ್ಕೆ ಹೋಯಿತು; ಅದರಲ್ಲಿ ಉಳಿದುದರ ಹತ್ತರಲ್ಲಿ ಆರು ಪಾಲು ಗಯೆಯಲ್ಲಿ ಸಂದಿತು. ೬೩ ನಿಷ್ಕಗಳೊಡನೆ ಮನೆಗೆ ಮರಳಿದನು. ಹೊರಟಾಗ ಕೈಯಲ್ಲಿದ್ದುದು ೫೪೦ ನಿಷ್ಕ. ಇನ್ನೊಂದೆಡೆ, ಮುಂದೆ ಹೊರಟ ತಂಡವನ್ನು ಕೂಡಿಕೊಳ್ಳುವ ಅವಸರದಲ್ಲಿರುವ ಪ್ರಯಾಣಿಕನು ೧೩ ಕಾಕಿಣಿಯನ್ನು ಹಿಡಿದು, ಎರಡು ಪಾಲು ಅಕ್ಕಿ ಒಂದು ಪಾಲು ಹೆಸರು ಬೇಗ ಅಳೆದುಕೊಡೆಂದು ಅಂಗಡಿಯವನನ್ನು ಕೇಳುತ್ತಾನೆ. ಜೇನುಹುಳುಗಳು ಹೂವಿನಿಂದ ಹೂವಿಗೆ ಹಂಚಿಹೋಗಿ ಒಂದು ಮಾತ್ರ ಗಾಳಿಯಲ್ಲಿ ತೂಗಾಡುತ್ತದೆ. ಹಾವು ಬಿಲದತ್ತ ಹರಿಯುತ್ತದೆ, ಕಂಬದ ಮೇಲಿನ ನವಿಲು ಅದರ ಮೇಲೆ ಎರಗುತ್ತದೆ. ಲೆಕ್ಕವು ಮುಗಿದ ಮೇಲೆಯೂ ಚಿತ್ರವು ಮಗುವಿನ ಕಣ್ಣಲ್ಲಿ ಉಳಿಯುತ್ತದೆ. ಕಣ್ಣಿಗೆ ಚಿತ್ರ ಕಟ್ಟಿದಾಗ ಯಾವುದನ್ನು ಕೂಡಬೇಕು, ಯಾವುದನ್ನು ಕಳೆಯಬೇಕು ಎಂಬುದನ್ನು ಹೊರಗಿನಿಂದ ಯಾರೂ ಹೇಳಿಕೊಡಬೇಕಾಗಿಲ್ಲ.

ಮುತ್ತಿನ ಕಥೆ

ಲೀಲಾವತಿಯ ಹೆಸರಿನೊಡನೆ ಕರುಣಾಜನಕವಾದ ಕಥೆಯೊಂದು ಹೆಣೆದುಕೊಂಡಿದೆ. ಆಕೆ ಭಾಸ್ಕರಾಚಾರ್ಯರ ಮಗಳು, ಜಾತಕದಲ್ಲಿ ವಿವಾಹಯೋಗವಿರಲಿಲ್ಲ. ತಂದೆ ಒಂದೇ ಒಂದು ಶುಭಘಳಿಗೆಯನ್ನು ಗಣಿಸಿ, ನೀರಿನಲ್ಲಿ ತೇಲುವ ಘಟಿಕಾಪಾತ್ರೆಯನ್ನು ಇರಿಸಿದರು. ಕುತೂಹಲದಿಂದ ಬಗ್ಗಿ ನೋಡಿದ ಮಗಳ ಆಭರಣದ ಮುತ್ತೊಂದು ಜಾರಿ ಪಾತ್ರೆಯ ರಂಧ್ರಕ್ಕೆ ಅಡ್ಡವಾಯಿತು. ನೀರು ಏರಲಿಲ್ಲ, ಘಳಿಗೆ ಮೀರಿತು. ಶೋಕತಪ್ತಳಾದ ಮಗಳ ಹೆಸರು ಚಿರಕಾಲ ನಿಲ್ಲಲೆಂದು ತಂದೆ ಗ್ರಂಥಕ್ಕೆ ಆ ಹೆಸರಿಟ್ಟರು. ಕೇಳಿದವರ ಕಣ್ಣು ಹನಿಗೂಡುವ ಕಥೆಯಿದು.

ಆದರೆ ಇದು ಮೂಲಗ್ರಂಥದಲ್ಲಿಲ್ಲ. ಅಕ್ಬರನ ಆಜ್ಞೆಯಂತೆ ಕವಿ ಫೈಜಿಯು ೧೫೮೭ರಲ್ಲಿ ಲೀಲಾವತಿಯನ್ನು ಪಾರಸಿಗೆ ಪರಿವರ್ತಿಸಿದಾಗ ಅದರ ಪೀಠಿಕೆಯಲ್ಲಿ ಈ ಕಥೆ ಬಂದಿತು. ಅಷ್ಟರಲ್ಲಿ ಗ್ರಂಥವು ಹುಟ್ಟಿ ನಾನೂರು ವರ್ಷಗಳು ಮಿಕ್ಕಿದ್ದವು. ಆಚಾರ್ಯರು ಬಾಲೆಯೆಂದೂ, ಮೃಗನಯನೆಯೆಂದೂ, ಗೆಳೆಯನೆಂದೂ, ವರ್ತಕನೆಂದೂ, ಗಣಕನೆಂದೂ ಬಗೆಬಗೆಯಾಗಿ ಕರೆದಿದ್ದಾರೆ, ಮಗಳೆಂದು ಹೇಳಿಲ್ಲ. ಲೀಲಾವತಿ ಎಂದರೆ ವಿಲಾಸವುಳ್ಳವಳು. ಆ ಹೆಸರು ಆಟದಂತೆ ಸಾಗುವ ಗಣಿತಕ್ಕೂ ಒಪ್ಪುತ್ತದೆ. ಕಥೆಯ ಸತ್ಯಾಸತ್ಯತೆ ಹೇಗೇ ಇರಲಿ, ಒಂದು ಮಾತು ನಿಶ್ಚಯ. ಶಾಸ್ತ್ರಗ್ರಂಥದ ಮೊದಲ ಲೆಕ್ಕವನ್ನು ಹೆಣ್ಣುಮಗುವಿಗೆ ಹೇಳಿ, ಆಕೆಯ ಬುದ್ಧಿಯನ್ನು ಹೊಗಳಿ, ಉತ್ತರವನ್ನು ಆಕೆಯಿಂದಲೇ ಬಯಸಿದ್ದು ಕಥೆಯಲ್ಲ. ಅದು ಗ್ರಂಥದಲ್ಲಿಯೇ ಇರುವ ಮಾತು. ಹೆಣ್ಣುಮಕ್ಕಳಿಗೆ ಲೆಕ್ಕ ಒಗ್ಗದೆಂದು ಹೇಳಿ ಮನೆಗೆ ಕಳಿಸಿದ ಶತಮಾನಗಳಿಗೆ ಈ ಒಂದು ಸಂಬೋಧನೆಯೇ ಉತ್ತರ.

ಪಾಟಣದ ಮಠ

ಗುರುವು ಎಷ್ಟು ದೊಡ್ಡವನಾದರೂ ಅವನ ಬೋಧೆಯನ್ನು ಮುಂದಿನವರಿಗೆ ಮುಟ್ಟಿಸುವ ನೆಲೆಯೊಂದು ಬೇಕು. ಭಾಸ್ಕರರ ಮಗ ಲಕ್ಷ್ಮೀಧರರನ್ನು ಯಾದವ ಅರಸು ಜೈತ್ರಪಾಲನು ಕರೆಸಿಕೊಂಡು ವಿದ್ವಾಂಸರಲ್ಲಿ ಅಗ್ರಸ್ಥಾನವನ್ನಿತ್ತನು. ಲಕ್ಷ್ಮೀಧರರ ಮಗ ಚಾಂಗದೇವರು ಸಿಂಘಣನ ಆಸ್ಥಾನದಲ್ಲಿ ಜ್ಯೋತಿಷಿಗಳಾಗಿದ್ದರು. ಅಜ್ಜನ ಗ್ರಂಥಗಳ ಅಧ್ಯಯನ ನಿರಂತರವಾಗಿ ನಡೆಯಲೆಂದು ಅವರು ಪಾಟಣದಲ್ಲಿ ಒಂದು ಮಠವನ್ನು ಸ್ಥಾಪಿಸಿದರು. 'ಸಿದ್ಧಾಂತ ಶಿರೋಮಣಿ' ಮೊದಲಾದ ಗ್ರಂಥಗಳನ್ನು ಅಲ್ಲಿ ಪಾಠ ಹೇಳಬೇಕೆಂದು ವಿಧಿಸಿದರು. ನಿಕುಂಭ ವಂಶದ ಸೋಯಿದೇವನೂ ಅವನ ತಮ್ಮ ಹೇಮಾಡಿದೇವನೂ ಆ ಮಠಕ್ಕೆ ದತ್ತಿ ಬಿಟ್ಟರು. ಇದನ್ನೆಲ್ಲ ತಿಳಿಸುವ ಶಿಲಾಶಾಸನದ ಕಾಲ ಕ್ರಿ.ಶ. ೧೨೦೭. ಮುಂಬಯಿಯ ವೈದ್ಯರೂ ಪುರಾತತ್ತ್ವ ವಿದ್ವಾಂಸರೂ ಆಗಿದ್ದ ಡಾ. ಭಾವು ದಾಜಿಯವರು ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಬೆಳಕಿಗೆ ತಂದರು.

ಶಾಸನದ ಮೇಲುಭಾಗ ಸಂಸ್ಕೃತದಲ್ಲಿದೆ. ಕೆಳಗಿನ ಕೆಲವು ಸಾಲುಗಳು ಆ ನಾಡಿನ ಆಡುಮಾತಿನಲ್ಲಿವೆ. ವಂಶದ ಕೀರ್ತಿ ಪಂಡಿತರಿಗೆ ತಿಳಿದರೆ ಸಾಕು. ಕೊಡುವ ತೆರುವ ಮಾತು ಸಂತೆಯ ಜನಕ್ಕೆಲ್ಲ ತಿಳಿಯಬೇಕಷ್ಟೆ. ಪಾಟಣದ ಪೇಟೆಯಲ್ಲಿ ಬಿಚ್ಚಿದ ಸರಕಿನ ಮೇಲೆ ಅರಸನಿಗೆ ಸಲ್ಲುತ್ತಿದ್ದ ಸುಂಕವು ಮಠಕ್ಕೆ ಸಂದಿತು. ಗಾಣದ ಎಣ್ಣೆಯಲ್ಲಿಯೂ ಮಠಕ್ಕೆ ಪಾಲು ದೊರೆಯಿತು. ಅಳೆಯುವವರು ಮಠದ ಮಾಪಿನಿಂದಲೇ ಅಳೆಯಬೇಕೆಂಬ ಕಟ್ಟಳೆಯೂ ಆಯಿತು. ಕವಡೆ, ಕೊಳಗಗಳಿಂದ ಪುಸ್ತಕವನ್ನು ಆರಂಭಿಸಿದ ಅಜ್ಜನ ಹೆಸರಿನ ಮಠಕ್ಕೆ ಊರಿನ ಅಳತೆಯ ಹೊಣೆಯೇ ಬಂದದ್ದು ಎಷ್ಟು ಔಚಿತ್ಯಪೂರ್ಣ! ಅರಸನ ದತ್ತಿಯಷ್ಟೇ ಅಲ್ಲ, ಗಾಣಿಗನ ಹನಿ ಎಣ್ಣೆಯೂ ಆ ಪಾಠಶಾಲೆಯ ದೀಪವನ್ನು ಉರಿಸಿತು. ಹನಿಹನಿಯ ಸಂಕಲನವೇ ದಾಸೋಹ.

ಕೀರ್ತಿಯ ಬೆಳಕು

ಮುಂದೆ ಲೀಲಾವತಿಯು ಭಾರತದ ಉದ್ದಗಲಕ್ಕೂ ಪಾಠಶಾಲೆಗಳ ಪಠ್ಯವಾಯಿತು. ೧೫೪೫ರಲ್ಲಿ ಗಣೇಶ ದೈವಜ್ಞರು 'ಬುದ್ಧಿವಿಲಾಸಿನಿ' ಎಂಬ ವ್ಯಾಖ್ಯಾನವನ್ನು ಬರೆದರು. ೧೮೧೬ರಲ್ಲಿ ಜಾನ್ ಟೇಲರ್, ೧೮೧೭ರಲ್ಲಿ ಕೋಲ್‌ಬ್ರೂಕ್ ಅದನ್ನು ಇಂಗ್ಲಿಷಿಗೆ ಅನುವಾದಿಸಿ ಪಾಶ್ಚಾತ್ಯರಿಗೆ ಪರಿಚಯಿಸಿದರು. ೧೯೭೯ರ ಜೂನ್ ೭ರಂದು ಭಾರತವು ಭೂವೀಕ್ಷಣೆಗಾಗಿ ಕಕ್ಷೆಗೆ ಸೇರಿಸಿದ ಉಪಗ್ರಹಕ್ಕೆ ಭಾಸ್ಕರವೆಂದು ಹೆಸರಿಟ್ಟು, ಆ ಹೆಸರಿನ ಪ್ರಾಚೀನ ಗಣಿತಾಚಾರ್ಯರಿಬ್ಬರಿಗೂ ಗೌರವ ಸಲ್ಲಿಸಿತು.

ಆದರೆ ಆಚಾರ್ಯರ ನಿಜವಾದ ಸ್ಮಾರಕವಿರುವುದು ಪ್ರಾಥಮಿಕ ಶಾಲೆಯ ತರಗತಿಯಲ್ಲಿ. ಲೆಕ್ಕದ ಭಯದಿಂದ ಶಾಲೆ ಬಿಟ್ಟ ಮಗುವು ಮುಂದೆ ಸಾಲದ ಕಾಗದದ ಮುಂದೆ, ತಕ್ಕಡಿಯ ಮುಂದೆ, ಕೂಲಿಯ ಬಟವಾಡೆಯ ಮುಂದೆ ಬಾಯಿಲ್ಲದೆ ನಿಲ್ಲುತ್ತದೆ. ಆ ಮಗುವನ್ನು ಗದರಿಸದೆ, ಅದು ಕಂಡ ಹೂವು, ಕಾಳು, ಸಂತೆ, ಜಾತ್ರೆಗಳನ್ನೇ ಲೆಕ್ಕವಾಗಿಸಿ, ಪ್ರೀತಿಯಿಂದ ಹೆಸರು ಹಿಡಿದು ಕರೆದು ಕೇಳುವ ಶಿಕ್ಷಕರಲ್ಲಿ ಭಾಸ್ಕರರ ಪರಂಪರೆ ಜೀವಂತವಾಗಿದೆ. ಅಂಥ ಶಿಕ್ಷಕರಿಗೆ ನೆಲೆಯನ್ನೂ ಅನ್ನವನ್ನೂ ಒದಗಿಸುವ ಮಠಗಳಲ್ಲಿ, ದಾನಿಗಳಲ್ಲಿ ಚಾಂಗದೇವರ ಸಂಕಲ್ಪವು ಮುಂದುವರಿದಿದೆ. ವಿದ್ಯೆಯ ಲೆಕ್ಕದ ರೀತಿಯೇ ಬೇರೆ. ಇಲ್ಲಿ ಕೊಟ್ಟವನ ಪಾಲು ಕಳೆಯುವುದಿಲ್ಲ, ಪಡೆದವನ ಪಾಲು ಕೂಡುತ್ತ ಹೋಗುತ್ತದೆ. ಆ ಅಕ್ಷಯ ರಾಶಿಯು ತಲೆಮಾರಿನಿಂದ ತಲೆಮಾರಿಗೆ ವರ್ಧಿಸಲಿ.